ಹೆಪಟೈಟಿಸ್ ಬಿ: ರಕ್ತದ ರಿಪೋರ್ಟ್ ಓದುವುದು ಹೇಗೆ?

ಹೆಪಟೈಟಿಸ್ ಬಿ ಇರುವುದು ಬಹಳ ಜನರಿಗೆ ಗೊತ್ತಾಗುವುದು ಬೇರೆ ಯಾವುದೋ ಕಾರಣಕ್ಕೆ ರಕ್ತ ಕೊಟ್ಟಾಗ. ಬಸುರಿಯ ಮೊದಲ ತಪಾಸಣೆಯಲ್ಲಿ, ಹರ್ನಿಯಾ ಆಪರೇಷನ್‌ಗೆ ಮುಂಚೆ, ರಕ್ತದಾನ ಮಾಡಿದ ಮೇಲೆ ಬ್ಲಡ್ ಬ್ಯಾಂಕಿನಿಂದ ಬರುವ ಫೋನಿನಲ್ಲಿ, ಕರಾವಳಿಯ ಹುಡುಗರಿಗಾದರೆ ಗಲ್ಫ್ ಕೆಲಸಕ್ಕೆಂದು ಮಾಡಿಸುವ ಮೆಡಿಕಲ್‌ನಲ್ಲಿ. ಮೈಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ, ಕಾಗದದಲ್ಲಿ ಮಾತ್ರ ‘ಎಚ್‌ಬಿಎಸ್‌ಎಜಿ: ರಿಯಾಕ್ಟಿವ್’ ಎಂದಿರುತ್ತದೆ. ಕೆಲವರು ಲಿವರ್ ಹೋಯಿತೆಂದು ಕುಸಿದು ಕೂರುತ್ತಾರೆ. ಇನ್ನು ಕೆಲವರು, ಆರಾಮಾಗಿಯೇ ಇದ್ದೇನಲ್ಲ ಎಂದು ಕಾಗದವನ್ನು ಬೀರುವಿಗೆ ಸೇರಿಸಿ ಮರೆತುಬಿಡುತ್ತಾರೆ. ಎರಡರಿಂದಲೂ ಅಪಾಯವಿದೆ. ಆ ಒಂದು ಸಾಲು ಹೇಳುವುದು ಸೋಂಕು ಇದೆ ಎಂಬುದನ್ನಷ್ಟೇ. ಅದು ಎಷ್ಟು ಹಳೆಯದು, ಲಿವರ್‌ಗೆ ಪೆಟ್ಟು ಬಿದ್ದಿದೆಯೇ, ಮಾತ್ರೆ ಬೇಕೇ ಎಂಬುದು ತಿಳಿಯಬೇಕಾದರೆ ಉಳಿದ ಸಾಲುಗಳನ್ನೂ ಜೊತೆಗಿಟ್ಟು ಓದಬೇಕು.

ಮೊದಲು ಮೂರು ಹೆಸರು

ಎಚ್‌ಬಿಎಸ್‌ಎಜಿ ಎಂದರೆ ವೈರಸ್ಸಿನ ಹೊರಕವಚದ ಪ್ರೋಟೀನ್. ಅದು ರಕ್ತದಲ್ಲಿ ಸಿಕ್ಕರೆ ವೈರಸ್ ಈಗ ದೇಹದಲ್ಲಿದೆ ಎಂದರ್ಥ. ಹಳೆಯ ವೈದ್ಯರು ಇದನ್ನು ಇಂದಿಗೂ ‘ಆಸ್ಟ್ರೇಲಿಯಾ ಆಂಟಿಜೆನ್’ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲೂಂಬರ್ಗ್ ಇದನ್ನು ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ.

ಎರಡನೆಯದು ಆಂಟಿ-ಎಚ್‌ಬಿಎಸ್. ಇದು ರಕ್ಷಣೆ ಕೊಡುವ ಪ್ರತಿಕಾಯ. ಲಸಿಕೆಯಿಂದ ಬಂದಿರಬಹುದು, ಸೋಂಕು ಬಂದು ವಾಸಿಯಾದ ಮೇಲೂ ಹುಟ್ಟಿರಬಹುದು. ಒಂದು ಮಿಲಿಲೀಟರ್‌ಗೆ 10 ಮಿಲಿ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದು ಲೆಕ್ಕ. ಇಲ್ಲಿ ‘ಪಾಸಿಟಿವ್’ ಎಂದಿದ್ದರೆ ಸಂತೋಷದ ಸುದ್ದಿ. ಮೇಲಿನ ಹೆಸರಿಗೂ ಇದಕ್ಕೂ ಅಕ್ಷರಗಳು ಹತ್ತಿರವಿರುವುದರಿಂದ ಗಾಬರಿಯಾಗುವವರು ಬಹಳ. ಮುಂದೆ ‘ಆಂಟಿ’ ಇದೆಯೇ ಎಂದು ನೋಡಿಕೊಳ್ಳಿ.

ಮೂರನೆಯದು ಆಂಟಿ-ಎಚ್‌ಬಿಸಿ ಟೋಟಲ್. ಲಸಿಕೆಯಲ್ಲಿರುವುದು ಹೊರಕವಚದ ಪ್ರೋಟೀನ್ ಮಾತ್ರ, ಒಳತಿರುಳಿನದಲ್ಲ. ಆದ್ದರಿಂದ ಒಳತಿರುಳಿನ ವಿರುದ್ಧದ ಈ ಪ್ರತಿಕಾಯ ಸಿಕ್ಕರೆ, ನಿಜವಾದ ವೈರಸ್ ಎಂದೋ ಒಮ್ಮೆ ಒಳಗೆ ಬಂದಿತ್ತು ಎಂದು ತಿಳಿಯಬೇಕು.

ಈಗ ಮೂರನ್ನೂ ಕೂಡಿಸಿ ನೋಡಿ. ಮೂರೂ ನೆಗೆಟಿವ್ ಇದ್ದರೆ ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ, ಲಸಿಕೆ ಹಾಕಿಸಿಕೊಳ್ಳಿ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಡೋಸ್: ಇವತ್ತೊಂದು, ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೆ ಒಂದು. ಆಂಟಿ-ಎಚ್‌ಬಿಎಸ್ ಒಂದೇ ಪಾಸಿಟಿವ್ ಇದ್ದರೆ ಲಸಿಕೆ ಫಲ ಕೊಟ್ಟಿದೆ. ಎರಡೂ ‘ಆಂಟಿ’ಗಳು ಪಾಸಿಟಿವ್ ಇದ್ದು ಎಚ್‌ಬಿಎಸ್‌ಎಜಿ ನೆಗೆಟಿವ್ ಇದ್ದರೆ ಸೋಂಕು ಬಂದು ಹೋಗಿದೆ. ಇವರಿಗೆ ಚಿಕಿತ್ಸೆ ಬೇಡ. ಆದರೆ ವೈರಸ್ಸಿನ ಕುರುಹು ಲಿವರ್‌ನ ಜೀವಕೋಶಗಳಲ್ಲಿ ಉಳಿದಿರುತ್ತದೆ. ಮುಂದೆಂದಾದರೂ ಕ್ಯಾನ್ಸರ್‌ಗೆ ಕೀಮೋಥೆರಪಿ ಕೊಡುವಾಗ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರು ಮಾಡುವಾಗ ಅದು ಮತ್ತೆ ತಲೆ ಎತ್ತಬಹುದು. ಆ ವೈದ್ಯರಿಗೆ ಈ ರಿಪೋರ್ಟ್ ತೋರಿಸಲೇಬೇಕು. ಎಚ್‌ಬಿಎಸ್‌ಎಜಿಯೂ ಆಂಟಿ-ಎಚ್‌ಬಿಸಿಯೂ ಪಾಸಿಟಿವ್ ಇದ್ದರೆ ಸೋಂಕು ಈಗ ಇದೆ. ಆಂಟಿ-ಎಚ್‌ಬಿಸಿ ಒಂದೇ ಪಾಸಿಟಿವ್ ಬಂದರೆ ಅರ್ಥ ಹಲವಿರುತ್ತದೆ. ಅದನ್ನು ವೈದ್ಯರೇ ಬಿಡಿಸಬೇಕು.

ಆ ದೊಡ್ಡ ಸಂಖ್ಯೆ ವೈರಸ್ಸಿನ ಲೆಕ್ಕವಲ್ಲ

ದೊಡ್ಡ ಲ್ಯಾಬುಗಳ ರಿಪೋರ್ಟಿನಲ್ಲಿ ‘ಎಚ್‌ಬಿಎಸ್‌ಎಜಿ 3,250’ ಎಂದು ಅಚ್ಚಾಗಿರುತ್ತದೆ. ಪಕ್ಕದಲ್ಲಿ ‘1.0ಕ್ಕಿಂತ ಕಡಿಮೆ: ನಾನ್-ರಿಯಾಕ್ಟಿವ್’ ಎಂಬ ಸಾಲು. ಒಂದರ ಜಾಗದಲ್ಲಿ ಮೂರು ಸಾವಿರ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಸಾಮಾನ್ಯವಾಗಿ ಆ ಸಂಖ್ಯೆ ಯಂತ್ರಕ್ಕೆ ಸಿಕ್ಕ ಸಂಕೇತದ ಅನುಪಾತ. ರೋಗ ಎಷ್ಟು ಜೋರಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ವೈರಸ್ ಎಷ್ಟಿದೆ ಎಂದು ತಿಳಿಯಲು ‘ಎಚ್‌ಬಿವಿ ಡಿಎನ್‌ಎ’ ಎಂಬ ಪ್ರತ್ಯೇಕ ಪಿಸಿಆರ್ ಪರೀಕ್ಷೆ ಇದೆ. ಒಂದೆರಡರ ಆಸುಪಾಸಿನ ಸಣ್ಣ ಸಂಖ್ಯೆಗೆ ರಿಯಾಕ್ಟಿವ್ ಬಂದಿದ್ದರೆ, ಅಥವಾ ಕಾರ್ಡ್ ಟೆಸ್ಟ್ ಮಾತ್ರ ಮಾಡಿದ್ದರೆ, ಇನ್ನೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳಿ. ಲಸಿಕೆ ಹಾಕಿಸಿಕೊಂಡ ಎರಡು–ಮೂರು ವಾರದೊಳಗೆ ಪರೀಕ್ಷೆ ಮಾಡಿಸಿದರೆ ಲಸಿಕೆಯ ಪ್ರೋಟೀನೇ ಸಿಕ್ಕಿ ತಪ್ಪು ಪಾಸಿಟಿವ್ ಬರುವುದುಂಟು.

ಹೊಸದೋ ಹಳೆಯದೋ

ಸೋಂಕು ಹೊಸದಾಗಿದ್ದರೆ ‘ಐಜಿಎಂ ಆಂಟಿ-ಎಚ್‌ಬಿಸಿ’ ಪಾಸಿಟಿವ್ ಇರುತ್ತದೆ. ಹಳೆಯ ಸೋಂಕು ಉಲ್ಬಣಿಸಿದಾಗಲೂ ಇದು ಕಾಣಿಸಿಕೊಳ್ಳಬಹುದಾದ್ದರಿಂದ ಕ್ಯಾಲೆಂಡರನ್ನು ನಂಬುವುದೇ ಮೇಲು. ಆರು ತಿಂಗಳ ನಂತರವೂ ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದರೆ ಅದು ದೀರ್ಘಕಾಲದ ಸೋಂಕು. ದೊಡ್ಡವರಾದ ಮೇಲೆ ಸೋಂಕು ತಗುಲಿದ 100 ಮಂದಿಯಲ್ಲಿ 95ಕ್ಕೂ ಹೆಚ್ಚು ಜನರಿಗೆ ಅದು ತಾನಾಗಿಯೇ ಹೋಗುತ್ತದೆ. ಕಾಮಾಲೆಗೆ ಕೊಡುವ ನಾಟಿ ಔಷಧಿಗೆ ಸಿಗುವ ಹೆಸರೆಲ್ಲ ಈ 95 ಮಂದಿಯಿಂದ ಬಂದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಣ್ಣಿನ ಹಳದಿ ಇಳಿದರೂ ಆರನೇ ತಿಂಗಳಿಗೆ ರಕ್ತಪರೀಕ್ಷೆ ಮಾಡಿಸದೆ ವಾಸಿಯಾಯಿತು ಎನ್ನಬೇಡಿ.

ಸೋಂಕು ಉಳಿದಿದ್ದರೆ

ಈಗ ಬೇಕಾದದ್ದು ಡಿಎನ್‌ಎ ಪ್ರಮಾಣ, ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವ), ಎಚ್‌ಬಿಇಎಜಿ, ಪ್ಲೇಟ್‌ಲೆಟ್, ಹೊಟ್ಟೆಯ ಸ್ಕ್ಯಾನಿಂಗ್, ಸಾಧ್ಯವಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್. ಎಚ್‌ಬಿಇಎಜಿ ಪಾಸಿಟಿವ್ ಎಂದರೆ ಸಾಮಾನ್ಯವಾಗಿ ವೈರಸ್ ಬಹಳ ವೇಗದಲ್ಲಿ ಹೆಚ್ಚುತ್ತಿದೆ, ಬೇರೆಯವರಿಗೆ ಹರಡುವ ಸಾಧ್ಯತೆಯೂ ಜಾಸ್ತಿ.

ಎರಡು ರಿಪೋರ್ಟ್ ಊಹಿಸಿಕೊಳ್ಳಿ. ಒಂದರಲ್ಲಿ ಡಿಎನ್‌ಎ 800 ಯೂನಿಟ್, ಎಸ್‌ಜಿಪಿಟಿ 18, ಸ್ಕ್ಯಾನಿಂಗ್ ಸರಿಯಿದೆ. ಇವರಿಗೆ ಸಾಮಾನ್ಯವಾಗಿ ಈಗಲೇ ಮಾತ್ರೆ ಬೇಕಾಗುವುದಿಲ್ಲ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಪಾಸಣೆ ತಪ್ಪುವಂತಿಲ್ಲ. ಇನ್ನೊಂದರಲ್ಲಿ ಡಿಎನ್‌ಎ 45,000, ಎಸ್‌ಜಿಪಿಟಿ 78. ಇವರಿಗೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಡಿಎನ್‌ಎ 2,000 ದಾಟಿ ಎಸ್‌ಜಿಪಿಟಿಯೂ ಮಿತಿ ಮೀರಿದ್ದರೆ ಮಾತ್ರೆ ಶುರು ಮಾಡಬಹುದು. ಆ ಮಿತಿ ಗಂಡಸರಿಗೆ 30, ಹೆಂಗಸರಿಗೆ 19. ಅನೇಕ ಲ್ಯಾಬುಗಳು 40ರ ತನಕ ‘ನಾರ್ಮಲ್’ ಎಂದೇ ಅಚ್ಚು ಮಾಡುವುದರಿಂದ ಸಂಖ್ಯೆಯನ್ನೇ ನೋಡಿ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ ಈ ಲೆಕ್ಕ ಯಾವುದೂ ಅಡ್ಡ ಬರುವುದಿಲ್ಲ, ಚಿಕಿತ್ಸೆ ಬೇಕೇ ಬೇಕು.

ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ದಿನಕ್ಕೊಂದು. ಅವು ವೈರಸ್ಸನ್ನು ಹತ್ತಿಕ್ಕುತ್ತವೆ, ಬೇರುಸಮೇತ ಕೀಳುವುದು ಅಪರೂಪ. ರಿಪೋರ್ಟಿನಲ್ಲಿ ಡಿಎನ್‌ಎ ‘ಪತ್ತೆಯಾಗಿಲ್ಲ’ ಎಂದು ಬಂದದ್ದು ಮಾತ್ರೆಯ ಬಲದಿಂದ. ಅದನ್ನು ನೋಡಿ ತಾವಾಗಿಯೇ ನಿಲ್ಲಿಸಿದವರಿಗೆ ಸೋಂಕು ಭುಗಿಲೆದ್ದು ಲಿವರ್ ವಿಫಲವಾದದ್ದಿದೆ.

ಬಸುರಿಯ ರಿಪೋರ್ಟ್

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಹುಟ್ಟುವಾಗ ತಾಯಿಯಿಂದ ಸೋಂಕು ತಗುಲಿದ ಕೂಸುಗಳಲ್ಲಿ ಸುಮಾರು ಶೇಕಡಾ 90ರಷ್ಟು ಮಕ್ಕಳಿಗೆ ಅದು ಜೀವಮಾನವಿಡೀ ಉಳಿಯುತ್ತದೆ. ಇದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಗರ್ಭಿಣಿಯ ಡಿಎನ್‌ಎ 2 ಲಕ್ಷ ಯೂನಿಟ್ ಮುಟ್ಟಿದ್ದರೆ ಅಥವಾ ಎಚ್‌ಬಿಇಎಜಿ ಪಾಸಿಟಿವ್ ಇದ್ದರೆ ಹೆರಿಗೆಗೆ ತಿಂಗಳುಗಳ ಮುಂಚೆಯೇ ಟೆನೊಫೊವಿರ್ ಶುರು ಮಾಡುತ್ತಾರೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಮೊದಲ ಲಸಿಕೆ, ಅದರ ಜೊತೆಗೆ ಸಾಧ್ಯವಾದರೆ 12 ಗಂಟೆಯೊಳಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ಆಗಬೇಕು. ಭಾನುವಾರ ಹೆರಿಗೆಯಾದರೂ ಸೋಮವಾರಕ್ಕೆ ಮುಂದೂಡಲು ಬಿಡಬೇಡಿ. 6, 10, 14ನೇ ವಾರದ ಪೆಂಟಾವೇಲೆಂಟ್‌ನಲ್ಲಿ ಉಳಿದ ಡೋಸ್‌ಗಳಿವೆ. ಮಗುವಿನ ರಕ್ತಪರೀಕ್ಷೆ ಒಂಬತ್ತು ತಿಂಗಳು ತುಂಬಿದ ಮೇಲೆ. ಎದೆಹಾಲು ಧಾರಾಳವಾಗಿ ಕೊಡಬಹುದು. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಗಂಡ, ಹೆಂಡತಿ, ಮಕ್ಕಳು, ತಾಯಿ, ಒಡಹುಟ್ಟಿದವರು ಎಲ್ಲರೂ ಪರೀಕ್ಷೆ ಮಾಡಿಸಿ, ರಕ್ಷಣೆ ಇಲ್ಲದವರು ಲಸಿಕೆ ಪಡೆಯಬೇಕು. ವೈರಸ್ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ. ರೇಜರ್, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ. ತಟ್ಟೆ, ಲೋಟ ಬೇರೆ ಮಾಡುವುದು ಅನ್ಯಾಯ. ಊಟದಿಂದ ಇದು ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಇತ್ತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಬೀರುವಿನಲ್ಲಿ ಹಳೆಯ ರಿಪೋರ್ಟ್ ಇದ್ದವರು ಅದನ್ನು ಹಿಡಿದು ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ, ಡಿಎನ್‌ಎ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಕೇಳಿ. ಮನೆಯವರನ್ನೂ ಕರೆದುಕೊಂಡು ಹೋಗಿ.