ಒನಕೆಗೆ ಅಣಸು, ಹಲ್ಲಿಗೆ ಕ್ಯಾಪ್

ತಮ್ಮಾ,

ಶಿವಮೊಗ್ಗದಲ್ಲಿ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು ಹೊಸನಗರಕ್ಕೆ ಬಂದೆಯಂತೆ. ನೋವು ಹೋಯಿತಲ್ಲ, ಕ್ಯಾಪ್ ವಿಷಯ ಅಡಿಕೆ ಕೊನೆಕೊಯ್ಲು ಮುಗಿದ ಮೇಲೆ ನೋಡಿದರಾಯಿತು ಅಂದೆಯೆಂದು ನಿನ್ನಮ್ಮ ಹೇಳಿದಳು. ಹಿಂದೆ ನಾನೂ ಹಾಗೇ ಅಂದಿದ್ದೆ. ಒಂದು ಮಧ್ಯಾಹ್ನ ಊಟವಾಗಿ ಕವಳ ಹಾಕಿದ್ದೆ. ಗಟ್ಟಿ ಅಡಿಕೆ ಚೂರು ಹಲ್ಲಿಗೆ ಸಿಕ್ಕಿ ಟಕ್ ಅಂತು. ನೋವೇನೂ ಆಗಲಿಲ್ಲ. ಆದರೆ ಹಲ್ಲು ಬೇರಿನವರೆಗೆ ಸೀಳಿತ್ತು. ಕೀಳಿಸದೆ ದಾರಿಯಿರಲಿಲ್ಲ.

ಹುಳುಕು ತೆಗೆದು, ನಡುವೆ ಕೊರೆದು, ನರ ತೆಗೆದ ಮೇಲೆ ಉಳಿಯುವುದು ತೆಳ್ಳನೆಯ ಗೋಡೆಗಳು. ಅಗಿದಾಗಲೆಲ್ಲ ಅವು ಹೊರಕ್ಕೆ ಬಾಗುತ್ತವೆ. ಒಳಗೆ ತುಂಬಿದ ಸಿಮೆಂಟ್ ಅವನ್ನು ಹಿಡಿದಿಡುವುದಿಲ್ಲ. ನಮ್ಮ ಹಿತ್ತಿಲ ಕಡೆಯ ಒನಕೆ ನೋಡಿದ್ದೀಯಲ್ಲ, ತುದಿಗೆ ಕಬ್ಬಿಣದ ಅಣಸು ಹಾಕಿದ್ದು ಮರ ಸೀಳದಿರಲಿ ಅಂತ. ಕ್ಯಾಪ್ ಮಾಡುವ ಕೆಲಸವೂ ಅದೇ.

ಹಾಗಂತ ಎಲ್ಲ ಹಲ್ಲಿಗೂ ಕ್ಯಾಪ್ ಬೇಡ. ಸಣ್ಣ ತೂತಿಗೆ ಸಿಮೆಂಟ್ ಸಾಕು. ರೂಟ್ ಕೆನಾಲ್ ಆಗಿದ್ದರೂ ಮುಂದಿನ ಹಲ್ಲು ಬಹುಪಾಲು ಗಟ್ಟಿಯಿದ್ದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಅರೆಯಬೇಕು, ಅರೆದದ್ದು ಮತ್ತೆ ಬೆಳೆಯುವುದಿಲ್ಲ. ಆದರೆ ರೂಟ್ ಕೆನಾಲ್ ಆದ ದವಡೆ ಹಲ್ಲು, ಹಲ್ಲಿಗಿಂತ ಸಿಮೆಂಟೇ ಹೆಚ್ಚಾಗಿರುವ ಹಲ್ಲು, ಮೂಲೆ ಮುರಿದ ಹಲ್ಲು, ಕಚ್ಚಿ ಬಿಟ್ಟಾಗ ಚುಳುಕ್ಕೆನ್ನುವ ಬಿರುಕು ಹಲ್ಲು, ಇವಕ್ಕೆ ತಡಮಾಡಬಾರದು. ಬಿರುಕು ಬೇರಿಗೆ ಇಳಿದ ಮೇಲೆ ಯಾವ ಕ್ಯಾಪೂ ಕೆಲಸಕ್ಕೆ ಬಾರದು. ಎಕ್ಸ್‌ರೇ ನೋಡುತ್ತಾ ಡಾಕ್ಟರನ್ನೇ ಕೇಳು, ಗಟ್ಟಿ ಹಲ್ಲು ಎಷ್ಟು ಉಳಿದಿದೆ ಅಂತ. ದುಡ್ಡಿನ ಚಿಂತೆಯಿದ್ದರೆ ಲೋಹದ್ದನ್ನೇ ಹಾಕಿಸು. ದವಡೆಗೆ ಬೇಕಾದದ್ದು ಗಟ್ಟಿತನ, ಬಣ್ಣವಲ್ಲ.

ಕ್ಯಾಪ್ ಹಾಕಿಸಿದ ಮೇಲೂ ಒಸಡಿನ ಅಂಚಿನಲ್ಲಿ ಹುಳುಕು ಹಿಡಿಯಬಹುದು, ಬೆಳಿಗ್ಗೆ ರಾತ್ರಿ ಉಜ್ಜುವುದನ್ನು ಬಿಡಬೇಡ. ಇನ್ನೊಂದು ಮಾತು. ನಮ್ಮ ಅನ್ನ ಅಡಿಕೆಯದೇ, ಆದರೂ ಹೇಳದೆ ಇರಲಾರೆ. ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಾನು ಕವಳ ಬಿಟ್ಟೆ, ನೀನು ಕಲಿಯಲೇಬೇಡ.

ಅಡಿಕೆ ಕೊನೆ ನಾಲ್ಕು ದಿನ ಮರದಲ್ಲೇ ಇದ್ದರೂ ನಷ್ಟವಿಲ್ಲ, ಹಲ್ಲು ಹಾಗೆ ಕಾಯುವುದಿಲ್ಲ. ಕ್ಯಾಪ್ ಕೂರುವವರೆಗೆ ಆ ಹಲ್ಲಿನ ಕಡೆಯಿಂದ ಅಗಿಯಬೇಡ. ಈ ವಾರವೇ ರಿಪ್ಪನ್‌ಪೇಟೆ ಮೇಲಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಕ್ಯಾಪ್ ಹಾಕಿಸಿಕೊಂಡು ಬಾ.