ಡೊಂಬಿವಲಿಯ 'ಡೊ': ಗಣಕದಲ್ಲಿ ಕನ್ನಡ ಅಕ್ಷರದ ಎರಡು ರೂಪಗಳು

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಕನ್ನಡಿಗರ ಬರಹಗಳು ಇಂದು ಬಹುಮಟ್ಟಿಗೆ ಗಣಕದ ಕಡತಗಳಾಗಿಯೇ ಉಳಿಯುತ್ತವೆ. ಅವುಗಳನ್ನು ಊರಿನ ಹೆಸರಿನಡಿಯಲ್ಲಿ ಜೋಡಿಸಿಡುವವರಿಗೆ ಒಂದು ತೊಡಕು ಎದುರಾಗುವುದುಂಟು: ಕಣ್ಣೆದುರಿಗೇ ಇರುವ ಕಡತವನ್ನು ಹೆಸರಿನಿಂದ ಹುಡುಕಿದರೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಇದರ ಕಾರಣವನ್ನೂ ಪರಿಹಾರವನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಣ್ಣಿಗೆ ಆಕೃತಿಯಾಗಿರುವ ಅಕ್ಷರ ಗಣಕಕ್ಕೆ ಕೇವಲ ಸಂಖ್ಯೆ. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರೆಯಿತು. ಅಲ್ಲಿ ಒತ್ವವನ್ನು ಒಂದೇ ಸಂಖ್ಯೆಯಿಂದ ಸೂಚಿಸಬಹುದು. ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಖ್ಯೆಗಳಾಗಿ ಬಿಡಿಸಿಯೂ ಬರೆಯಬಹುದು. ಗುಡಿಸಿನ ದೀರ್ಘ, ಏತ್ವ, ಐತ್ವ, ಓತ್ವಗಳೂ ಹೀಗೆಯೇ ಬಿಡಿಸಲು ಬರುವಂಥವು.

ಮೇಲಿನ ನಾಲ್ಕು ಊರುಗಳನ್ನೇ ಉದಾಹರಣೆಯಾಗಿ ಪರಿಶೀಲಿಸಬಹುದು. 'ಠಾಣೆ', 'ಕಲ್ಯಾಣ', 'ನವಿ ಮುಂಬಯಿ' ಎಂಬ ಹೆಸರುಗಳಲ್ಲಿ ಇಂತಹ ಚಿಹ್ನೆಯಿಲ್ಲ; ಅವುಗಳಿಗೆ ಒಂದೇ ರೂಪ. 'ಡೊಂಬಿವಲಿ' ಮಾತ್ರ ಕೂಡಿದ ರೂಪದಲ್ಲಿ 8 ಸಂಕೇತಗಳು, ಬಿಡಿಸಿದ ರೂಪದಲ್ಲಿ 9. ಓದುಗನಿಗೆ ಎರಡೂ ಒಂದೇ. ಸಂಖ್ಯೆಗಳನ್ನು ಹೋಲಿಸುವ ತಂತ್ರಾಂಶಕ್ಕೆ ಬೇರೆ ಬೇರೆ.

ಕಾರ್ಯಾಚರಣ ವ್ಯವಸ್ಥೆಗಳ ಭೇದವು ಇಲ್ಲಿ ಪ್ರವೇಶಿಸುತ್ತದೆ. ಆಪಲ್ ಸಂಸ್ಥೆಯು 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್‌ಗಳು ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತವೆ. ಆದುದರಿಂದ ಮ್ಯಾಕ್‌ನಿಂದ ಲಿನಕ್ಸ್‌ಗೆ ಸಾಗಿದ ಒಂದು 'ಡೊಂಬಿವಲಿ'ಯೂ ಅಲ್ಲಿಯೇ ಬೆರಳಚ್ಚು ಮಾಡಿದ ಮತ್ತೊಂದು 'ಡೊಂಬಿವಲಿ'ಯೂ ಒಂದೇ ಕಡತಕೋಶದಲ್ಲಿ ಅಕ್ಕಪಕ್ಕದಲ್ಲಿರಬಲ್ಲವು. ಪರಿವರ್ತಕಗಳಲ್ಲಿಯೂ ಭೇದವಿದೆ. 'ಐಕಾನ್ವ್' ಎಂಬ ಆದೇಶ ಎರಡೂ ಕಡೆ ಇದ್ದರೂ, ಬಿಡಿಸಿದ ರೂಪಕ್ಕೆಂದು ಮ್ಯಾಕ್ ಬಲ್ಲ 'ಯುಟಿಎಫ್-8-ಮ್ಯಾಕ್' ಎಂಬ ಹೆಸರನ್ನು ಲಿನಕ್ಸ್‌ನ ಜಿ-ಲಿಬ್‌ಸಿ ಅರಿಯದು.

ಪರಿಹಾರದ ಕ್ರಮ ಹೀಗಿದೆ. ಮೊದಲು ಮೂಲ ಕಡತದ ಪ್ರತಿಯೊಂದನ್ನು ತೆಗೆದಿರಿಸಬೇಕು. ಬಳಿಕ ಹೆಸರಿನ ಸಂಕೇತಗಳನ್ನು ಎಣಿಸಿ ರೂಪವನ್ನು ಗುರುತಿಸಬೇಕು. ಅನಂತರ ಎಲ್ಲ ಹೆಸರುಗಳನ್ನೂ 'ಎನ್‌ಎಫ್‌ಸಿ' ಎಂಬ ಕೂಡಿದ ರೂಪಕ್ಕೆ ತರಬೇಕು; ಪೈಥಾನ್‌ನ ಯುನಿಕೋಡ್ ಲೈಬ್ರರಿ ಮೂರೂ ವ್ಯವಸ್ಥೆಗಳಲ್ಲಿ ಈ ಕಾರ್ಯವನ್ನು ಸಮಾನವಾಗಿ ನೆರವೇರಿಸುತ್ತದೆ. ಹುಡುಕುವ ಪದಕ್ಕೂ ಇದೇ ಸಂಸ್ಕಾರ ಅಗತ್ಯ.

ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದ ಕಡತಗಳಿಗೆ ಈ ವಿಧಾನ ಸಲ್ಲದು. ಅವುಗಳಿಗೆ ಪ್ರತ್ಯೇಕ ಪರಿವರ್ತಕ ಬೇಕು. ವಿಂಡೋಸ್‌ನ 'ಆನ್ಸಿ' ಕೋಷ್ಟಕಗಳಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲವಾದ್ದರಿಂದ, ಆ ರೂಪದಲ್ಲಿ ಉಳಿಸಿದ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಆ ನಷ್ಟಕ್ಕೆ ಮದ್ದಿಲ್ಲ. ರೂಪಭೇದದಿಂದ ಮರೆಯಾದ ಬರಹವನ್ನಾದರೋ ಮರಳಿ ಪಡೆಯಬಹುದು. ಸೂಚಿಯಲ್ಲಿ ಸಿಗದ ಲೇಖನವನ್ನು 'ಬರೆದೇ ಇಲ್ಲ' ಎಂದು ನಿರ್ಣಯಿಸುವ ಮುನ್ನ ಸಂಶೋಧಕರು ಈ ಪರೀಕ್ಷೆಯನ್ನು ಮಾಡುವುದು ಉಚಿತ.