ಅಜ್ಜಿಯ ಬಸ್ಸು, ಬಾಯಿ ಬಿಡದ ‘ಇ’

ಹಳ್ಳಿಯ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಓದಿಸುತ್ತಾ ನಾನು ಕಲಿತದ್ದು ಇಷ್ಟು.

1. ‘ಲಾಂಗ್ ವವೆಲ್ ಅಂದರೆ ದೀರ್ಘಸ್ವರ’ ಎಂದು ಹೇಳಿ ಮುಂದೆ ಹೋಗಬೇಡಿ. ಮೊದಲ ವರ್ಷ ನಾನು ಹಾಗೇ ಹೇಳಿದೆ. ಕನ್ನಡದ ‘ಇ’ಗೆ ದೀರ್ಘ ‘ಈ’ ಎಂದು ಕಲಿತ ಮಕ್ಕಳು ಕೆ-ಐ-ಟಿ-ಇ ಎಂಬುದನ್ನು ‘ಕೀಟ್’ ಎಂದು ಓದಿದರು. ತಪ್ಪು ಅವರದಲ್ಲ. ಇಂಗ್ಲಿಷಿನಲ್ಲಿ ದೀರ್ಘವೆಂದರೆ ಅಕ್ಷರ ತನ್ನ ಹೆಸರನ್ನೇ ನುಡಿಯುವುದು: ಕೇಕ್, ಕೈಟ್, ಹೋಮ್.

2. ಹಿಂದಿನ ಸ್ವರ ದೀರ್ಘ ಎಂದು ತೋರಿಸುವ ಕೊನೆಯ ಇಂಗ್ಲಿಷ್ ‘ಇ’ ತಾನೇ ಯಾಕೆ ಬಾಯಿ ಬಿಡುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವರಿಗೆ ಕಥೆ ಹೇಳಿ. 14ನೇ ಶತಮಾನದಲ್ಲಿ, ಚಾಸರ್ ಕವಿಯ ಕಾಲಕ್ಕೆ, ‘ನೇಮ್’ ಎರಡು ಸಿಲೆಬಲ್ಲಿನ ಪದ. ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ನಾಮ’ವೇ. ಆಮೇಲೆ ಬಾಲದ ಸ್ವರ ಉದುರಿತು, ‘ಆ’ ಮೆಲ್ಲಗೆ ‘ಏ’ ಕಡೆಗೆ ಸರಿಯಿತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಕಾಗುಣಿತ ಗಟ್ಟಿಯಾಗತೊಡಗಿತು. ನಾಲಿಗೆ ಮಾತ್ರ ನಿಲ್ಲಲಿಲ್ಲ. ಸಂಸ್ಕೃತದ ನಾಮ, ಇಂಗ್ಲಿಷಿನ ನೇಮ್ ಒಂದೇ ಬೇರಿನವು ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

3. ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ‘ನಿಮ್ಮಜ್ಜಿ ಬಸ್‌ಗೆ ಏನಂತಾರೆ?’ ಬಸ್ಸು. ಪೆನ್? ಪೆನ್ನು. ಕಾರ್? ಕಾರು. ರೋಡ್? ರೋಡು. ಹ್ರಸ್ವದ ಮುಂದೆ ಒತ್ತು ಬರುತ್ತದೆ, ದೀರ್ಘದ ಮುಂದೆ ಬರುವುದಿಲ್ಲ. ಯಾರೂ ಕಲಿಸದೆ ಅಜ್ಜಿಗೆ ಗೊತ್ತಿರುವ ಈ ಲೆಕ್ಕವೇ ಇಂಗ್ಲಿಷ್ ಬರಹದಲ್ಲೂ ಇದೆ. ‘ಕಟ್’ಗೆ ‘ಇಂಗ್’ ಸೇರಿದರೆ ಎರಡು ಟಿ, ‘ರೈಟ್’ಗೆ ಸೇರಿದರೆ ಒಂದೇ ಟಿ. ‘ಡಿನ್ನರ್’ಗೆ ಎರಡು ಎನ್, ‘ಡೈನರ್’ಗೆ ಒಂದು. ಆದರೆ ಇಂಗ್ಲಿಷಿನವರು ಆ ಜೋಡಿಯನ್ನು ಒತ್ತಿ ನುಡಿಯುವುದಿಲ್ಲ. ಹಿಂದಿನ ಸ್ವರ ಹ್ರಸ್ವ ಎಂದು ತೋರಿಸುವ ಗುರುತು ಅದು. ಇದನ್ನು ಅವತ್ತೇ ಹೇಳಿಬಿಡಿ.

4. ಸಿಲೆಬಲ್ ಎಣಿಸಲು ಗದ್ದದ ಕೆಳಗೆ ಅಂಗೈ ಇಡಿಸಿ. ಗದ್ದ ಎಷ್ಟು ಸಲ ಇಳಿಯಿತೋ ಅಷ್ಟು. ‘ಸ್ಕೂಲ್’ ಒಂದು, ‘ಇಸ್ಕೂಲು’ ಮೂರು. ಮಗುವಿಗೆ ಬೈಯಬೇಡಿ, ಕನ್ನಡದ ನಾಲಿಗೆಗೆ ಪದದ ಕೊನೆಯಲ್ಲಿ ಸ್ವರ ಬೇಕು. ಎರಡನ್ನೂ ಹೇಳಿಸಿ, ಕೈಗೇ ವ್ಯತ್ಯಾಸ ಗೊತ್ತಾಗಲಿ.

5. ನಮ್ಮ ದೀರ್ಘಕ್ಕೆ ಎಲ್ಲೇ ಇದ್ದರೂ ಎರಡು ಮಾತ್ರೆ. ಇಂಗ್ಲಿಷಿನ ‘ಸೀಟ್’ನ ‘ಈ’ ಮಾತ್ರ ‘ಸೀಡ್’ನದಕ್ಕಿಂತ ಗಿಡ್ಡ. ವಿವರಿಸುವುದು ಬೇಡ, ಕೇಳಿಸಿದರೆ ಸಾಕು.

6. ಹ್ಯಾವ್, ಗಿವ್, ಲವ್ ಪದಗಳಿಗೂ ಕೊನೆಗೆ ‘ಇ’ ಇದೆ, ಸ್ವರ ಮಾತ್ರ ಹ್ರಸ್ವ. ಇಂಗ್ಲಿಷ್ ಬರಹದಲ್ಲಿ ಪದವನ್ನು ‘ವಿ’ ಅಕ್ಷರದಲ್ಲಿ ಮುಗಿಸುವ ವಾಡಿಕೆಯಿಲ್ಲ, ಅದಕ್ಕೆ ಆ ‘ಇ’. ಇಂಥವನ್ನು ಗೋಡೆಯ ಮೇಲೆ ಬೇರೆ ಪಟ್ಟಿಯಲ್ಲಿ ಬರೆಯುತ್ತೇವೆ. ಹೊಸದು ಸಿಕ್ಕ ಮಗುವೇ ಎದ್ದು ಬಂದು ಸೀಮೆಸುಣ್ಣ ಹಿಡಿಯುತ್ತದೆ.